ಹೊಸ್ತಿಲಲ್ಲಿ ನಿಂತ ಒಡಪು

ಒಂದೇ ಸಾಲಿನಲ್ಲಿ ಮುಗಿಯುವ ಜಾಣಮಾತು ಬರೆಯುವುದೆಂದರೆ ನನಗೆ ಇಂದಿಗೂ ಬೆವರು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸ. ಅಂಚು ಹರಿದ ಹಾಳೆಗಳು ಬೇಕಾದಷ್ಟು ಸಿಗುತ್ತಿದ್ದವು. ಹಾಗಾಗಿ ಚಿಕ್ಕದಾಗಿ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಬಂದದ್ದು ಅರವತ್ತರ ದಶಕದ ಆರಂಭದಲ್ಲಿ, ತಂಗಿಯ ಮದುವೆಗೆ.

ತೇರಗಾಂವದ ನಮ್ಮ ಹುಡುಗಿಯನ್ನು ನಮ್ಮ ಜಿಲ್ಲೆಯದೇ ಹಳ್ಳಿಯಾದ ಇಂದೂರಿಗೆ ಕೊಟ್ಟಿದ್ದೆವು. ಗಂಡನ ಮನೆಯ ಹೊಸ್ತಿಲಲ್ಲಿ ಹೆಂಗಸರು ಮದುಮಗಳನ್ನು ಅಡ್ಡಗಟ್ಟುತ್ತಾರೆ. ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳಿದರೇ ಒಳಗೆ ದಾರಿ. ನನ್ನ ತಂಗಿಗೆ ‘ಬ’ ಬಂದಲ್ಲೆಲ್ಲ ನಾಲಿಗೆ ತಡೆಯುತ್ತಿತ್ತು. ವರನ ಹೆಸರು ಶುರುವಾಗುವುದೇ ‘ಬ’ದಿಂದ. ಅವನಿಗೆ ವಿಷಯ ಗೊತ್ತಿತ್ತು. ಅವನ ಮನೆಯ ಹೆಂಗಸರಿಗೆ ಗೊತ್ತಿರಲಿಲ್ಲ. ಮೊದಲ ದಿನವೇ ಅವರು ನಕ್ಕುಬಿಟ್ಟರೆ ಹುಡುಗಿ ಆ ಮನೆಯಲ್ಲಿ ಮುಂದೆ ಬಾಯಿಯೇ ತೆರೆಯಲಿಕ್ಕಿಲ್ಲ ಎಂಬುದು ನನ್ನ ಚಿಂತೆ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದವನು.

ಬರೆದುಕೊಟ್ಟೆ. ಚಂದ್ರ, ಕಮಲ, ಕಾಳಿ ನದಿ, ಎಲ್ಲ ಇತ್ತು. ತಂಗಿ ಓದಿ ಹಾಳೆ ಮಡಚಿದಳು.

“ಅಣ್ಣಾ, ಇದು ಪುರಾಣ ಆತು. ನಾ ಹೊಸ್ತಿಲದಾಗ ನಿಂತಿರ್ತೇನಿ, ಹಿಂದ ಮಂದಿ ಹಸದಿರ್ತಾರ. ಸಣ್ಣದು ಕೊಡು.”

ಕಡಿದೆ. ಚಂದ್ರ ಹೋದ, ಕಮಲ ಹೋಯಿತು. ಕಾಳಿ ನದಿಯನ್ನು ಬಿಡಲು ಮಾತ್ರ ಒಂದು ರಾತ್ರಿ ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು: “ಹಾಲಿತ್ತು, ಆತು ಮೊಸರು, ನನ್ನ ನಾಲಿಗಿ ಮ್ಯಾಲ ಇನ್ನ ಇಂಥವರ ಹೆಸರು.” ಎಲ್ಲಿಯೂ ‘ಬ’ ಇಲ್ಲದಂತೆ ನೋಡಿಕೊಂಡಿದ್ದೆ. ಆದರೆ ‘ಇಂಥವರ’ ಜಾಗದಲ್ಲಿ ಬರಬೇಕಾದ ವರನನ್ನು ಕಡಿಯುವಂತಿರಲಿಲ್ಲ.

ಇಂದೂರಿನಲ್ಲಿ ವರನ ಅಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಳು. ತಂಗಿ ಶುರು ಮಾಡಿದಳು. ಹಾಲು ಬಂತು, ಮೊಸರು ಬಂತು, “ನನ್ನ ನಾಲಿಗಿ ಮ್ಯಾಲ ಇನ್ನ” ಎಂಬಲ್ಲಿಗೆ ನಿಂತಿತು. ತುಟಿ ಕೂಡಿದವು, ಬಿಡಲಿಲ್ಲ.

“ಏನವಾ, ನಾಲಿಗಿ ಮ್ಯಾಲ ಕುಂತಾಂವ ಕೆಳಗ ಇಳಿವಲ್ಲನೇನು?” ಅಂದಳು ಅಕ್ಕ.

ತಂಗಿ ತಲೆ ಎತ್ತಿದಳು. “ತಡೀರಿ ಅಕ್ಕಾರ. ಇಷ್ಟ ವರ್ಷ ನೀವು ಇಟ್ಕೊಂಡಿದ್ರಿ. ಒಂದ್ ಗಳಿಗಿ ನಾನೂ ಇಟ್ಕೋತೇನಿ.”

ಅಂಗಳವೆಲ್ಲ ನಕ್ಕಿತು. ನಾನು ಹೆದರಿಕೊಂಡಿದ್ದ ನಗೆ ಇದಲ್ಲ. ಆ ಗದ್ದಲದಲ್ಲೇ ಹೆಸರು ಹೊರಬಿತ್ತು. ಅದರಲ್ಲಿ ‘ಬ’ಗಳು ಒಂದೆರಡು ಹೆಚ್ಚಿದ್ದವು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಪ್ರಾಸವನ್ನಂತೂ ಯಾರೂ ಕೇಳಿಸಿಕೊಳ್ಳಲೇ ಇಲ್ಲ.

ಅಕ್ಕ ಅಡ್ಡ ಹಿಡಿದಿದ್ದ ಕೈಯಿಂದಲೇ ಅವಳನ್ನು ಒಳಗೆ ಎಳೆದುಕೊಂಡಳು. “ಬಾರವಾ, ಅಡಗೀಮನ್ಯಾಗ ನಮ್ಮವ್ವ ಕೇಳಿಲ್ಲ. ಇನ್ನೊಮ್ಮೆ ಹೇಳು.”