ಗಂಟು ಕರಗಿಸುವವನ ಮೇಲೆ ಸೇಡು

ಸವಡಿಯ ಸಿದ್ದಲಿಂಗವ್ವ ಬೆಣ್ಣೆ ಮಾರುವವಳು. ರೋಣದ ಸಂತೆಯಲ್ಲಿ ಅವಳ ಬೆಣ್ಣೆಗೆ ಎಷ್ಟು ಹೆಸರಿತ್ತೋ ನಾಲಿಗೆಗೂ ಅಷ್ಟೇ ಹೆಸರಿತ್ತು. ಕೊಸರಾಡುವವರನ್ನು "ನಿಮ್ಮ ಮನ್ಯಾಗ ಎಮ್ಮಿ ಕಟ್ಟಿಕೊಳ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಅಂಥ ಹೆಂಗಸು ಗಂಡ ಸತ್ತ ಮೇಲೆ ಒಂದೇ ಹಟ ಹಿಡಿದಳು. ಅಂದಾನೆಪ್ಪನಿಗೆ ಮಣ್ಣು ಮುಕ್ಕಿಸಬೇಕು.

ಅಂದಾನೆಪ್ಪ ಬೇರೆ ಯಾರೂ ಅಲ್ಲ, ಅವಳ ಗಂಡ ಶಿವನಪ್ಪನ ಜೀವದ ಗೆಳೆಯ. ಇಬ್ಬರೂ ಒಂದೇ ಚೀಲದ ತಂಬಾಕು ಹಾಕಿಕೊಂಡು ದೊಡ್ಡವರಾದವರು. ಅದೇ ಸಂತೆಯಲ್ಲಿ ಕೂತು ಉಳುಕು ತಿಕ್ಕುತ್ತಿದ್ದ ಅಂದಾನೆಪ್ಪನ ಕೈ ಒಳ್ಳೆಯದು, ಅದನ್ನು ಅವಳೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ಕೈಗುಣ ಕೈಗುಣ ಎಂದು ನಾಲ್ಕು ಜನ ಹೊಗಳಿದರೆ ಮನುಷ್ಯನ ತಲೆ ನೆಟ್ಟಗಿರುತ್ತದೆಯೇ? ಶಿವನಪ್ಪನ ದವಡೆಯ ಕೆಳಗೆ ಗಂಟು ಎದ್ದಾಗ, "ಇದಕ್ಕ ದವಾಖಾನಿ ಯಾಕ? ನಾ ಕರಗಸ್ತೀನಿ" ಎಂದ. ಬೇಸಿಗೆ ಪೂರ್ತಿ ಕುಸುಬೆ ಎಣ್ಣೆ ಬಿಸಿ ಮಾಡಿ ತಿಕ್ಕಿದ. ಗಂಟು ಕರಗಲಿಲ್ಲ, ಮಳೆಗಾಲಕ್ಕೆ ಅದರ ಪಕ್ಕದಲ್ಲಿ ಇನ್ನಷ್ಟು ಎದ್ದವು. ಶಿವನಪ್ಪ ಗಂಜಿಯನ್ನೂ ನುಂಗಲಾರದಂತಾದ.

ಆಗ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು. ಅವಳು ಬೆಣ್ಣೆ ಮಾರುವವಳೆಂದು ಕೇಳಿದ ಡಾಕ್ಟರಬಾಯಿ ಅವಳಿಗೆ ತಿಳಿಯುವ ಹಾಗೇ ಹೇಳಿದರು.

"ನಮ್ಮ ಮೈಯಾಗಿನ ಒಂದೊಂದು ಜೀವಕಣಕ್ಕೂ ಕೊಬ್ಬಿನ ತೆಳ್ಳನ ಪೊರಿ ಇರ್ತೈತ್ರಿ. ಕ್ಯಾನ್ಸರ್ ಕಣದ ಪೊರಿ ಭಾಳ ಸಲ ಸಡ್ಲ ಆಗ್ತೈತಿ, ಬ್ಯಾಸಗಿ ಬೆಣ್ಣಿಹಂಗ. ಸಂದಿ ಸಿಕ್ಕಲ್ಲಿ ನುಸುಳಿ ಬ್ಯಾರೆ ಕಡೆ ಹೋಗಿ ಕುಂದರ್ತೈತಿ. ಇವರದು ಹಂಗ ಹೋಗಿಬಿಟ್ಟೈತಿ."

"ಎಣ್ಣಿ ಹಚ್ಚಿ ತಿಕ್ಕಿದ್ದಕ್ಕ ಸಡ್ಲಾತೇನ್ರಿ?"

"ಇಲ್ರಿ, ಮ್ಯಾಲೆ ಹಚ್ಚಿದ ಎಣ್ಣಿ ಅಲ್ಲಿತನಕ ಹೋಗೂದಿಲ್ಲ. ಪೊರಿ ತಾನಾಗೇ ಸಡ್ಲ ಆಗೂದು. ಆದ್ರ ತಿಕ್ಕೂದ್ರಾಗ ಹೊತ್ತು ಹೋತಲ್ರಿ. ಮೊದಲ ಬಂದಿದ್ರ ಉಳಸಬಹುದಿತ್ತೇನೋ."

ಶಿವನಪ್ಪನನ್ನು ಮಣ್ಣು ಮಾಡಿದ ಮೇಲಿನ ಸಂತೆಗೆ ಸಿದ್ದಲಿಂಗವ್ವ ತನ್ನ ಬುಟ್ಟಿಯನ್ನು ಅಂದಾನೆಪ್ಪ ಕೂರುವ ಜಾಗದ ಎದುರಿಗೇ ತಂದಿಟ್ಟಳು. ಉಳುಕಿನವರು ಬಂದರೆ ಸುಮ್ಮನಿರುತ್ತಿದ್ದಳು. ಯಾರಾದರೂ ಗಂಟು ತೋರಿಸಲು ಬಂದರೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದಳು.

"ಈ ಕೈ ನನ್ನ ಗಂಡನ್ನ ಮಣ್ಣಿಗೆ ಕಳಿಸೇತಿ. ನಿಮಗೂ ಹೋಗೂದಿದ್ರ ಕುಂದರ್ರಿ."

ಯಾರು ಕೂತಾರು? ಮಾತು ಸುತ್ತಲಿನ ಊರುಗಳಾದ ಬೆಳವಣಕಿ, ಅಸೂಟಿಗೂ ಹಬ್ಬಿತು. ಉಳುಕಿನವರೂ ಬರುವುದು ಬಿಟ್ಟರು. ಒಂದು ಸಂತೆಯ ದಿನ ಅಂದಾನೆಪ್ಪ ಎಲ್ಲರೆದುರು ಕೈಮುಗಿದ.

"ತಂಗೀ, ಹೊಟ್ಟಿ ಮ್ಯಾಲೆ ಹೊಡೀಬ್ಯಾಡ."

"ನನ್ನ ಸಂಸಾರ ಸುಟ್ಟಾಂವ ನೀ. ನಿನಗ ಹೊಟ್ಟಿ ಚಿಂತಿ?"

ಅವನ ಕಣ್ಣಲ್ಲಿ ನೀರು ಬಂತು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ, ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಹೀಗೇ ಕೆಲವು ವರ್ಷ ಕಳೆದು, 2004ರ ಬೇಸಿಗೆಯಲ್ಲಿ ಅದೇ ಅಂದಾನೆಪ್ಪ ಅವಳ ಬಾಗಿಲಿಗೆ ಬಂದು ನಿಂತ. ಗಲ್ಲದ ಒಳಗೆ ಹುಣ್ಣಾಗಿತ್ತು, ಏನು ಮಾಡಿದರೂ ಮಾಯುತ್ತಿರಲಿಲ್ಲ. ತಂಬಾಕು ಒಬ್ಬನನ್ನೇ ತಿಂದು ಸುಮ್ಮನಾಗುವ ಪೈಕಿಯೇ?

"ಹುಬ್ಬಳ್ಳ್ಯಾಗ ಯಾವ ದವಾಖಾನಿ, ಯಾರನ್ನ ಕಾಣಬೇಕು, ನನಗೇನೂ ತಿಳೀವಲ್ದು. ನಿನ್ನ ಬಿಟ್ರ ಯಾರನ್ನ ಕೇಳ್ಲಿ?"

"ಎಣ್ಣಿ ಹಚ್ಚಿ ತಿಕ್ಕಿಕೋ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಸುಮ್ಮನೆ ಸತ್ತು ಹೋದರೆ ಇವನಿಗೇನು ತಿಳಿದೀತು? ಆ ಡಾಕ್ಟರಬಾಯಿಯ ಬಾಯಿಂದಲೇ ಇವನ ಕಿವಿಗೆ ಬೀಳಬೇಕು, ರೋಗ ಮೈತುಂಬ ಹೋಗಿಬಿಟ್ಟಿದೆ ಎಂದು. ಆಗ ಇವನ ಮುಖ ಹೇಗಾಗುತ್ತದೆಂದು ತಾನು ಎದುರು ಕೂತು ನೋಡಬೇಕು.

ಮರುದಿನವೇ ಬಸ್ಸು ಹತ್ತಿಸಿದಳು. ಹುಣ್ಣಿನ ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಫಲಿತಾಂಶ ಹೇಳುವ ದಿನವೂ ಅವಳೇ ಹೊರಡಿಸಿದಳು. ಮದುವೆ ಮನೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಬೇರೆ ಉಟ್ಟಿದ್ದಳು.

ಡಾಕ್ಟರಬಾಯಿ ಕಾಗದಗಳನ್ನು ಓದಿ ತಲೆಯೆತ್ತಿದರು. "ಕ್ಯಾನ್ಸರ್ ಖರೇರಿ. ಆದ್ರ ಕಣ ಇನ್ನೂ ಗಲ್ಲ ಬಿಟ್ಟು ಎಲ್ಲೂ ಹೋದಂಗ ಕಾಣೂದಿಲ್ಲ. ಲಗೂ ಬಂದೀರಿ, ಚಲೋ ಆತು. ಆಪರೇಶನ್ ಮಾಡಿದ್ರ ಉಳೀತೀರಿ."

ಅಂದಾನೆಪ್ಪನ ಮುಖಕ್ಕೆ ಜೀವ ಬಂತು. ಸಿದ್ದಲಿಂಗವ್ವನಿಗೆ ಗಂಡ ನೆನಪಾದ. ಇಷ್ಟೇ ಬೇಗ ಬಂದಿದ್ದರೆ ಶಿವನಪ್ಪನಿಗೂ ಇದೇ ಮಾತು ಹೇಳುತ್ತಿದ್ದರು. ಇಷ್ಟು ವರ್ಷ ಎಲ್ಲರ ಮುಂದೆ ಕೂಗಿ ಹೇಳಿದ್ದು ಇಷ್ಟೊಂದು ನಿಜವೆಂದು ಅವಳಿಗೇ ಗೊತ್ತಿರಲಿಲ್ಲ.

ಹೊರಗೆ ಬಂದದ್ದೇ ಅವನು ಅವಳ ಕಾಲಿಗೆ ಬಿದ್ದ. "ನನ್ನ ಜೀವಾ ಉಳಿಸಿದಿ ತಂಗೀ."

ಅವಳು ಕಾಲು ಹಿಂದೆ ಎಳೆದುಕೊಂಡಳು. "ಉಳಸಾಕ ಕರಕೊಂಡು ಬಂದಿದ್ದಿಲ್ಲ. ಸಾಯ್ತಿ ಅನ್ನೂದನ್ನ ಕೇಳಿಸಾಕ ಕರಕೊಂಡು ಬಂದಿದ್ನಿ. ಈಗ ಬದುಕ್ತೀಯಲ್ಲ, ಬದುಕು. ಒಂದೊಂದು ತುತ್ತು ನುಂಗುವಾಗೂ ನೆನಸು, ಶಿವನಪ್ಪನೂ ಹಿಂಗ ಉಳೀತಿದ್ದ ಅಂತ."

ಅವನು ನೆಲಕ್ಕೆ ಹಣೆ ಹಚ್ಚಿ ಹೋ ಎಂದು ಅತ್ತ. ಅವಳು ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳು, ಆಪರೇಶನ್ನಿಗೆ ಹೆಸರು ಬರಸೂಣು. ನಿನ್ನ ಅಷ್ಟು ಲಗೂ ಸಾಯಾಕ ಬಿಡೂದಿಲ್ಲ."