ಎರಡು ಬೆರಳು, ಮೂರು ಬೆರಳು

ನಮ್ಮ ಯಾರ್ಡಿನಲ್ಲಿ ಹೊರಟು ನಿಂತ ರೈಲನ್ನು ತಡೆದು ಬಿಚ್ಚಿಸಿದವರು ಇವತ್ತಿನವರೆಗೆ ಒಬ್ಬರೇ. ಅವರು ನಮ್ಮ ಅತ್ತಿಗೆ. ಈ ಮಾತು ಬಂದರೆ ಈಗಲೂ ಕೆಲವರು ಮುಸಿಮುಸಿ ನಗುತ್ತಾರೆ. ಅವರ ಹಲ್ಲು ಉದುರಿಸಬೇಕು ಅನ್ನಿಸುತ್ತದೆ ನನಗೆ. ಅತ್ತಿಗೆಗೆ ಹಾಗೆಲ್ಲ ಅನ್ನಿಸುವುದಿಲ್ಲವಂತೆ. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕು, ಅದಕ್ಕೂ ನನಗೆ ಸಿಟ್ಟು.

ನಮ್ಮ ಗಾಡಿಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ನೋಡಲು ಮಾಮೂಲಿ ಲಾರಿ ಟ್ರೇಲರೇ. ರಸ್ತೆಯಲ್ಲಿ ರಬ್ಬರ್ ಟೈರಿನ ಮೇಲೆ ಬರುತ್ತದೆ. ಯಾರ್ಡಿನಲ್ಲಿ ಹಳಿಗಳನ್ನು ಕಾಂಕ್ರೀಟಿನ ಮಟ್ಟಕ್ಕೆ ಹೂತಿದ್ದಾರೆ. ಅಲ್ಲಿ ನಾನು ಟ್ರಕ್ಕಿನಿಂದ ಅದನ್ನು ಹಿಂದಕ್ಕೆ ತಳ್ಳಿ, ಅದರ ಹಿಂಭಾಗವನ್ನು ಒಂದು ಜೊತೆ ರೈಲುಗಾಲಿಗಳ ಮೇಲೆ ಕೂರಿಸುತ್ತೇನೆ. ಗಾಳಿ ತುಂಬಿ ಟೈರುಗಳನ್ನು ಮೇಲಕ್ಕೆ ಎತ್ತುತ್ತಾರೆ. ಹಿಂದೆ ಮೊದಲೇ ನಿಂತಿರುವ ಗಾಡಿಯ ಮೂತಿಯಲ್ಲಿ ಒಂದು ಕಬ್ಬಿಣದ ನಾಲಿಗೆ ಇದೆ. ಅದು ಈ ಗಾಡಿಯ ಹಿಂಭಾಗದೊಳಗೆ ಹೋಗುತ್ತದೆ, ಮೇಲಿನಿಂದ ಪಿನ್ನು ಇಳಿಯುತ್ತದೆ, ಚಿಲಕ ಬೀಳುತ್ತದೆ. ಹೀಗೆ ಬಾಲದಿಂದ ಶುರುಮಾಡಿ ಒಂದೊಂದೇ ಪೋಣಿಸಿ, ಕೊನೆಗೆ ಇಂಜಿನ್ ಕಟ್ಟಿದರೆ ಲಾರಿಗಳೆಲ್ಲ ಸೇರಿ ರೈಲು. ಮಧ್ಯದಿಂದ ಒಂದನ್ನು ಎಳೆಯುವ ಹಾಗಿಲ್ಲ. ಏಳನೆಯದನ್ನು ಮುಟ್ಟಬೇಕಾದರೆ ಅದರ ಮುಂದಿನದೆಲ್ಲ ಕಳಚಬೇಕು.

ಆ ಚಿಲಕ ಬಿದ್ದಿದೆಯೋ ಇಲ್ಲವೋ ನೋಡುವುದು ಅತ್ತಿಗೆಯ ಕೆಲಸ. ನೋಡುವುದು ಅಂದೆನಲ್ಲ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಎರಡು ಗಾಡಿಗಳ ನಡುವಿನ ಕತ್ತಲಲ್ಲಿ, ಕೊಂಡಿಯ ಅಡಿಯ ತೂತಿಗೆ ಕೈ ಹಾಕಿ ಮುಟ್ಟಬೇಕು. ಚಿಲಕಕ್ಕೂ ತಗಡಿಗೂ ನಡುವೆ ಎರಡು ಬೆರಳಿನ ಸಂದು ಇದ್ದರೆ ಪಿನ್ನು ಕೂತಿದೆ. ಮೂರು ಬೆರಳು ಹೋದರೆ ಅರ್ಧದಲ್ಲೇ ನಿಂತಿದೆ. ಅರ್ಧ ಕೂತ ಪಿನ್ನು ಇಳಿಜಾರಿನಲ್ಲಿ ಹಾರಿತು ಅಂದರೆ ಬಾಲದ ಗಾಡಿಗಳು ಇಂಜಿನ್ ಇಲ್ಲದೆ ತಾವಾಗಿ ಓಡುತ್ತವೆ. ದಾರಿಯುದ್ದಕ್ಕೂ ಗೇಟುಗಳಿವೆ, ಗೇಟುಗಳ ಹತ್ತಿರ ಜನ ನಿಂತಿರುತ್ತಾರೆ.

ಅತ್ತಿಗೆ ಮೊದಲು ಲಾರಿಗಳ ಟಾರ್ಪಾಲಿನ್ ಹೊಲಿಯುತ್ತಿದ್ದವರು. ಹೊಲಿಗೆಯಿಂದ ಹೊಲಿಗೆಗೆ ಬೆರಳಲ್ಲೇ ಅಳತೆ. ಯಾರ್ಡಿನ ಹಳೆಯ ತಪಾಸಣೆಯವರು, ಎಲ್ಲರೂ ಪಿನ್ನಿನ ತಾತ ಅನ್ನುತ್ತಿದ್ದರು, ಅತ್ತಿಗೆಯ ಕೈ ನೋಡಿ ಕೆಲಸಕ್ಕೆ ಕರೆದುಕೊಂಡರು. ನನ್ನ ದಪ್ಪ ಕೈ ಆ ತೂತಿನಲ್ಲಿ ಮಣಿಕಟ್ಟಿಗೇ ಸಿಕ್ಕಿಕೊಳ್ಳುತ್ತದೆ, ಅತ್ತಿಗೆಯದು ಸಲೀಸಾಗಿ ಹೋಗುತ್ತದೆ. "ಕೈ ಹಾಕದೆ ಮುಂದಿನ ಗಾಡಿಗೆ ಹೋದ್ರೆ ನನ್ನಾಣೆ ನೋಡು ಮಗಳೇ" ಅಂತ ತಾತ ಹೇಳಿದ್ದರಂತೆ. ಒಂಬತ್ತು ವರ್ಷ ಅತ್ತಿಗೆ ಕೈ ಹಾಕದೆ ಮುಂದೆ ಹೋಗಲಿಲ್ಲ. ಬೆರಳಿನ ಗೆಣ್ಣುಗಳು ಸಿಪ್ಪೆ ಎದ್ದು ಎದ್ದು ಗಟ್ಟಿಯಾಗಿವೆ. ಊಟದ ಡಬ್ಬಿ ತೆಗೆಯುವ ಮುಂಚೆ ಸೀಮೆಎಣ್ಣೆಯಲ್ಲಿ ಕೈ ಉಜ್ಜುತ್ತಾರೆ, ಆದರೂ ಗ್ರೀಸಿನ ವಾಸನೆ ಬಿಡುವುದಿಲ್ಲ.

ಆ ದಿನ ಮೂವತ್ತೆರಡು ಗಾಡಿ. ಇಂಜಿನ್ ಕಟ್ಟಿ ಆಗಿತ್ತು. ಬಾಲದಿಂದ ಏಳನೆಯ ಕೊಂಡಿಯಲ್ಲಿ ಅತ್ತಿಗೆ ಕೈ ಹಾಕಿದವರು ತುಂಬಾ ಹೊತ್ತು ತೆಗೆಯಲಿಲ್ಲ. ತೆಗೆದು ಇನ್ನೊಮ್ಮೆ ಹಾಕಿದರು. ಆಮೇಲೆ ಕೆಂಪು ಬಾವುಟ ಎತ್ತಿದರು.

"ಮೂರು ಬೆರಳು ಹೋಗ್ತಿದೆ. ಬಿಚ್ಚಬೇಕು" ಅಂದರು.

"ಅತ್ತಿಗೆ, ಇಪ್ಪತ್ನಾಲ್ಕು ಗಾಡಿ ಎಳೀಬೇಕು. ಇನ್ನೊಂದ್ಸಲ ಸರಿಯಾಗಿ ನೋಡಿ."

"ಎರಡು ಸಲ ನೋಡಿದೆ ಕಣೋ. ಟ್ರಕ್ಕು ತಗೊಂಡ್ ಬಾ."

ಐದೂವರೆ ಗಂಟೆ ಹಿಡಿಯಿತು. ಒಂದೊಂದು ಗಾಡಿ ಎಳೆಯುವಾಗಲೂ ನಾನು ಹಲ್ಲು ಕಡಿದೆ, ನನ್ನ ಸ್ವಂತ ಅತ್ತಿಗೆಯ ಮೇಲೆಯೇ. ಆ ಕೊಂಡಿಯ ಮುಂದಿದ್ದ ಎಂಟನೆಯ ಗಾಡಿಯ ಟೈರು ಇಳಿಸಿ ಮೈ ಎತ್ತರ ಮಾಡಿದ ಮೇಲೆ ವರ್ಕ್‌ಶಾಪಿನ ಫಿಟ್ಟರು ದೀಪ ಹಿಡಿದು ಒಳಗೆ ನುಸುಳಿದ. ಹೊರಗೆ ಬಂದು ಬೆನ್ನು ಒರೆಸಿಕೊಂಡು, "ಪಿನ್ನು ಕೂತಿದೆ. ಇದು ಹೊಸ ಚಿಲಕ, ತೆಳ್ಳಗಿರುತ್ತೆ. ಇದಕ್ಕೆ ಮೂರು ಬೆರಳೇ ಲೆಕ್ಕ. ಕಾಗದ ಬಂದು ಮೂರು ವಾರ ಆಯ್ತಲ್ಲ, ನಿಮಗೆ ಹೇಳಿಲ್ವಾ?" ಅಂದ.

ಹೇಳಿರಲಿಲ್ಲ. ಕಾಗದ ಯಾರ್ಡ್ ಸಾಹೇಬರ ಮೇಜಿನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿತ್ತು. ಸಾಹೇಬರನ್ನು ನಾವು ಬೆನ್ನ ಹಿಂದೆ ಇಸ್ತ್ರಿ ಅನ್ನುತ್ತೇವೆ. ಅಂಗಿಯ ಗೆರೆ ಮುರಿಯಬಾರದು ಅಂತ ಕುರ್ಚಿಗೂ ಒರಗದ ಮನುಷ್ಯ. ಆಫೀಸಿನ ಮೆಟ್ಟಿಲು ಇಳಿದು ಹಳಿಯ ಹತ್ತಿರ ಬಂದದ್ದನ್ನು ನಾನು ಆ ದಿನವೇ ಮೊದಲು ನೋಡಿದ್ದು. ಬಂದದ್ದು ಅತ್ತಿಗೆಯನ್ನು ಎಲ್ಲರ ಎದುರಿಗೆ ಬೈಯಲು.

"ಏನಮ್ಮಾ, ಒಂಬತ್ತು ವರ್ಷದ ಅನುಭವ ಇದೇನಾ?"

"ಹೊಸ ಚಿಲಕ ಬಂದಿದ್ದು ನಮಗೆ ಯಾರೂ ತಿಳಿಸಿಲ್ಲ ಸರ್."

"ತಿಳಿಸಬೇಕಾ? ಕೆಲಸ ಗೊತ್ತಿರೋರಿಗೆ ಮುಟ್ಟಿದ ಕೂಡಲೇ ಗೊತ್ತಾಗ್ಬೇಕು."

ಮೈಯೆಲ್ಲ ಉರಿದುಹೋಯಿತು ನನಗೆ. ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು ಜೀವನದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇಷ್ಟು ನಾಜೂಕಾಗಿ ಕಟ್ಟುವುದನ್ನು ಕಂಡಿರಲಿಲ್ಲ. ಆದರೆ ಬಾಯಿ ಬಿಡಲಿಲ್ಲ. ಇದನ್ನೂ ಬರೆಯಲೇಬೇಕು, ನಾನು ಬಾಯಿ ಬಿಡಲಿಲ್ಲ.

ಮಾರನೆಯ ದಿನ ಅತ್ತಿಗೆಯ ಮುಂದೆ ಒಂದು ಕಾಗದ ಇಟ್ಟರು. 'ನನ್ನ ಅಜಾಗರೂಕತೆಯಿಂದ ರೈಲು ತಡವಾಯಿತು. ಇನ್ನು ಮುಂದೆ ಸಾಹೇಬರ ಅಪ್ಪಣೆ ಇಲ್ಲದೆ ಯಾವ ಗಾಡಿಯನ್ನೂ ಬಿಚ್ಚಿಸುವುದಿಲ್ಲ.' ಸಹಿ ಹಾಕಿದರೆ ಹಳಿಯ ಕೆಲಸ, ಹಾಕದಿದ್ದರೆ ಗಾಡಿ ತೊಳೆಯುವ ಶೆಡ್ಡು. ಅತ್ತಿಗೆ ಕಾಗದವನ್ನು ಪೂರ್ತಿ ಓದಿ, ಮಡಿಸಿ, ಮೇಜಿನ ಮೇಲೆಯೇ ಇಟ್ಟು ಶೆಡ್ಡಿಗೆ ಹೋದರು.

ನಾಲ್ಕು ತಿಂಗಳು ನೀರಿನ ಪೈಪು ಹಿಡಿದು ನಿಂತರು. ಮೊಣಕಾಲುದ್ದದ ರಬ್ಬರ್ ಬೂಟು, ಎರಡು ಅಳತೆ ದೊಡ್ಡದು. ಅವರು ಶೆಡ್ಡಿಗೆ ನಡೆದು ಹೋಗುವಾಗ ಗಂಡಸರು ಮೂರು ಬೆರಳು ಎತ್ತಿ ತೋರಿಸುತ್ತಿದ್ದರು. ಮಾತಿಲ್ಲ, ಬರೀ ಮೂರು ಬೆರಳು. ಒಂದು ದಿನ ಚಹಾದ ಗುಂಪಿನಲ್ಲಿ, ಅವರು ಹಾದುಹೋದ ಮೇಲೆ, ನಾನೂ ಎತ್ತಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಕಥೆಯಲ್ಲಿ ನನಗೆ ಸಿಟ್ಟು ಬರುವವರ ಪಟ್ಟಿ ಉದ್ದವಿದೆ, ಅದರಲ್ಲಿ ನಾನು ಕೊನೆಯವನಲ್ಲ.

ಮನೆಯಲ್ಲಿ ಅಣ್ಣ ದಿನಾ ಒಂದೇ ರಾಗ. "ಒಂದು ಸಹಿ ತಾನೇ? ಹಾಕಿ ಬಿಸಾಕು. ಕೈ ಕಾಲೆಲ್ಲ ನೀರಲ್ಲಿ ನೆನೆದು ಬೆಳ್ಳಗಾಗಿದೆ."

"ಅಜಾಗರೂಕತೆ ಅಂತ ಬರೆದಿದಾರಲ್ಲ, ಅದು ನಂದಾ?" ಅನ್ನುತ್ತಿದ್ದರು ಅತ್ತಿಗೆ. ನಾನು ಜೋರಾಗಿ, "ಹಾಕ್ಬೇಡಿ ಅತ್ತಿಗೆ! ಸತ್ರೂ ಹಾಕ್ಬೇಡಿ!" ಅನ್ನುತ್ತಿದ್ದೆ. ಮನೆಯೊಳಗೆ ನಾನು ಭಾರಿ ಧೈರ್ಯವಂತ.

ಅತ್ತಿಗೆಯ ಜಾಗಕ್ಕೆ ಸ್ಟೋರಿನ ಗುಮಾಸ್ತರನ್ನು ಹಾಕಿದ್ದರು. ವಯಸ್ಸಾದ, ಪಾಪದ ಮನುಷ್ಯ. ಕೈ ಹಾಕಿ ಏನಾದರೂ ಅನುಮಾನ ಬಂದರೆ ಹೇಳಬೇಕಾಗುತ್ತದೆ, ಹೇಳಿದರೆ ತೊಳೆಯುವ ಶೆಡ್ಡು. ಅದಕ್ಕೆ ಅವರು ಕೈಯನ್ನೇ ಹಾಕುತ್ತಿರಲಿಲ್ಲ. ಕೊಂಡಿಯ ಕಡೆ ಟಾರ್ಚು ಬಿಟ್ಟು, ಹಸಿರು ಬಾವುಟ ಆಡಿಸಿ, ಮುಂದಿನದಕ್ಕೆ ಹೋಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ರೈಲುಗಳು ಗಡಿಯಾರದ ಮುಳ್ಳಿನ ಹಾಗೆ ಹೊರಡುತ್ತಿದ್ದವು, ಸಾಹೇಬರು ಖುಷಿಯಾಗಿದ್ದರು.

ಒಂದು ಸಂಜೆ ಅತ್ತಿಗೆ ತಟ್ಟೆ ತೊಳೆಯುತ್ತಾ ಕೇಳಿದರು. "ಅವರು ಕೈ ಹಾಕ್ತಾರೇನೋ?"

"ಟಾರ್ಚ್ ಬಿಡ್ತಾರೆ."

"ಒಂದಕ್ಕೂ ಹಾಕಲ್ವಾ?"

"ಇಲ್ಲ."

ಅವರು ತಟ್ಟೆ ಒರೆಸಿ ಇಟ್ಟರು. ಮಾರನೆಯ ದಿನ ಆಫೀಸಿಗೆ ಹೋಗಿ ಸಹಿ ಹಾಕಿಬಿಟ್ಟರು.

ನಾನು ಅಡುಗೆಮನೆಯಲ್ಲಿ ಕುಣಿದಾಡಿದೆ. "ನಾಲ್ಕು ತಿಂಗಳು ನಿಂತಿದ್ದೆಲ್ಲ ನೀರಲ್ಲಿ ಹೋಮ! ಆ ಇಸ್ತ್ರಿಯ ಕಾಲಿಗೆ ಬಿದ್ದ ಹಾಗಾಯ್ತು. ಇನ್ಮೇಲೆ ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ!"

"ಕಿರುಚಬೇಡ. ನಾನು ಮರ್ಯಾದೆ ಹಿಡ್ಕೊಂಡು ನೀರು ಬಿಡ್ತಾ ನಿಂತ್ರೆ ಆ ಪಿನ್ನುಗಳನ್ನ ಯಾರು ಮುಟ್ತಾರೆ? ನೀನು ಮುಟ್ತೀಯಾ?"

ನನ್ನ ಕೈ ಹಿಡಿಸುವುದಿಲ್ಲ ಅನ್ನಲು ಹೋದೆ. ನಾಚಿಕೆಯಾಯಿತು.

ವಾಪಸು ಬಂದ ಮೊದಲ ಬೆಳಿಗ್ಗೆ ಇಪ್ಪತ್ತೊಂಬತ್ತು ಗಾಡಿ. ಅತ್ತಿಗೆ ಬಾಲದಿಂದ ಶುರುಮಾಡಿದರು. ಗಂಡಸರು ಚಹಾ ಹಿಡಿದು ತಮಾಷೆ ನೋಡಲು ನಿಂತಿದ್ದರು. ಹತ್ತು ಕೊಂಡಿ ಆಯಿತು. ಹನ್ನೊಂದನೆಯದರಲ್ಲಿ ಅವರ ಕೈ ನಿಂತಿತು. ಕೆಂಪು ಬಾವುಟ ಮೇಲೆ ಹೋಯಿತು.

ಯಾರೋ ಸಿಳ್ಳೆ ಹಾಕಿದರು. ಮೂರು ಬೆರಳುಗಳು ಎದ್ದವು. ನಾನು ಟ್ರಕ್ಕಿನಿಂದ ಇಳಿದೆ, ಸಿಳ್ಳೆ ಹಾಕಿದವನ ಕೈಯಿಂದ ಲೋಟ ಕಿತ್ತು ಚಹಾ ನೆಲಕ್ಕೆ ಚೆಲ್ಲಿದೆ. ಅಷ್ಟಾದರೂ ಮಾಡಿದೆ.

ಸಾಹೇಬರು ಕೈಯಲ್ಲಿ ಅದೇ ಕಾಗದ ಹಿಡಿದು ಓಡಿಬಂದರು. "ಏನಮ್ಮಾ, ನಿನ್ನೆ ತಾನೇ ಏನು ಬರೆದುಕೊಟ್ಟೆ? ಅಪ್ಪಣೆ ಇಲ್ಲದೆ ಬಿಚ್ಚಿಸಲ್ಲ ಅಂತ ತಾನೇ?"

"ಹೌದು ಸರ್. ಬಿಚ್ಚಿಸಿಲ್ವಲ್ಲ. ಅಪ್ಪಣೆ ಕೇಳೋಕೇ ನಿಮ್ಮನ್ನ ಕರೆದಿದ್ದು" ಅಂದರು ಅತ್ತಿಗೆ. "ಇದು ಹಳೇ ಚಿಲಕ. ಅಂಚು ಚೂಪಾಗಿದೆ, ಹೊಸದರದ್ದು ಮೊಂಡು. ನನಗೆ ಹೋಗಿದ್ದು ಮೂರು ಬೆರಳು. ನನ್ನ ಮಾತು ನಂಬಬೇಡಿ ಸರ್, ನಂದು ಅಜಾಗರೂಕತೆ. ನೀವೇ ಕೈ ಹಾಕಿ ನೋಡಿ. ಬೇಡ ಅಂದ್ರೆ ಬೇಡ, ಹಸಿರು ಬಾವುಟ ನೀವೇ ತೋರಿಸಿಬಿಡಿ."

ಬಾವುಟವನ್ನು ಅವರ ಕಡೆ ಹಿಡಿದರು. ಸಾಹೇಬರು ಅದನ್ನು ಮುಟ್ಟಲಿಲ್ಲ. ಇಂಜಿನ್ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ. ಚಹಾದ ಗುಂಪು ಹತ್ತಿರಕ್ಕೆ ಬಂದು ನಿಂತಿತು. ಯಾರ ಬೆರಳೂ ಮೇಲಿರಲಿಲ್ಲ.

ಇಸ್ತ್ರಿ ಸಾಹೇಬರು ಕಾಗದವನ್ನು ಜೇಬಿಗೆ ತುರುಕಿದರು. ತೋಳಿನ ಗುಂಡಿ ಬಿಚ್ಚಿ ಮಡಿಸಿದರು. ಕಾಂಕ್ರೀಟಿನ ಮೇಲೆ ಒಂದು ಮೊಣಕಾಲೂರಿ ತೂತಿನೊಳಗೆ ಕೈ ಹಾಕಿದರು. ಭುಜ ಗಾಡಿಗೆ ತಗುಲಿ ಬಿಳಿ ಅಂಗಿಯ ಮೇಲೆ ಗ್ರೀಸು ಬಳಿದುಕೊಂಡಿತು. ಕೈ ಒಳಗೆ ತಡಕಾಡುತ್ತಾ ಇತ್ತು, ಹಣೆಯಲ್ಲಿ ಬೆವರು ಬಂತು. ತುಂಬಾ ಹೊತ್ತಾದ ಮೇಲೆ, ತಲೆ ಎತ್ತದೆ, ಅತ್ತಿಗೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಿದರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಸರಿಯಾಗಿ ಕೂತಿದ್ರೆ ಎಷ್ಟು ಬೆರಳು ಹೋಗ್ಬೇಕಮ್ಮಾ?"