ನಿಂಬೆಹಣ್ಣಿಗಿಂತ ಚಿಕ್ಕ ಕಂಪ್ಯೂಟರಿಗೆ ಪೂಜೆ

ಗೆಳೆಯರೇ, ಚಿಂತಾಮಣಿಯ ನಮ್ಮ ಬೀದಿಯಲ್ಲಿ ಇವತ್ತು ಅಮ್ಮನ ಮಾನ ಒಂದು ಕಂಪ್ಯೂಟರಿನ ಕೈಯಲ್ಲಿತ್ತು. "ಮಗ ಕಂಪ್ಯೂಟರ್ ತಂದವ್ನೆ, ಪೂಜೆಗೆ ಬನ್ನಿ" ಎಂದು ಅಕ್ಕಪಕ್ಕದವರನ್ನೆಲ್ಲ ಕರೆದುಬಿಟ್ಟಿದ್ದಳು. ತಟ್ಟೆಯಲ್ಲಿ ಅರಿಸಿನ, ಕುಂಕುಮ, ದೃಷ್ಟಿಗೆ ಕಟ್ಟಲು ನಿಂಬೆಹಣ್ಣು, ಎಲ್ಲ ಸಿದ್ಧ.

"ಎಲ್ಲಪ್ಪಾ ಕಂಪ್ಯೂಟರು?" ಬಂದವರು ನನ್ನನ್ನು ಕೇಳಿದರು.

ಜೇಬಿನಿಂದ ತೆಗೆದೆ. ಟಿವಿಗೆ ಸಿಕ್ಕಿಸುವ, ಬೆರಳುದ್ದದ ಕಂಪ್ಯೂಟರ್ ಅದು.

ಎದುರುಮನೆಯ ವೆಂಕಟಲಕ್ಷ್ಮಮ್ಮನವರು ಬಗ್ಗಿ ನೋಡಿದರು. "ಅಯ್ಯೋ, ಇಷ್ಟೇನಾ! ನಿಂಬೆಹಣ್ಣೇ ಇದಕ್ಕಿಂತ ದಪ್ಪಗೈತಲ್ಲಮ್ಮ. ನಮ್ಮನೇದು ಅರ್ಧ ಮೇಜು ಹಿಡೀತದೆ."

ಎಲ್ಲರೂ ನಕ್ಕರು. ಅಮ್ಮನ ಮುಖ ಬಾಡಿತು.

ನಾನು ಅದನ್ನು ಟಿವಿಯ ಹಿಂದೆ ಸಿಕ್ಕಿಸಿ, ಕೀಬೋರ್ಡನ್ನು ಅಮ್ಮನ ಮಡಿಲಲ್ಲಿಟ್ಟೆ. "ನಿನ್ನ ಹೆಸರು ಬರಿಯಮ್ಮ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಟಿವಿಯ ತುಂಬ ಗೇಣುದ್ದದ ಅಕ್ಷರಗಳಲ್ಲಿ 'ಸರೋಜಮ್ಮ' ಮೂಡಿತು. ನಗು ನಿಂತಿತು.

ಅಮ್ಮ ನಿಧಾನವಾಗಿ ತಿರುಗಿದಳು. "ನಿಮ್ದು ಅರ್ಧ ಮೇಜು ಹಿಡೀತದೆ, ವೆಂಕಟಲಕ್ಷ್ಮಮ್ಮ. ನಮ್ದು ಜೇಬಲ್ಲೇ ಹಿಡೀತದೆ!"

ವೆಂಕಟಲಕ್ಷ್ಮಮ್ಮನವರು ತಮ್ಮ ಹೆಸರನ್ನೂ ಟಿವಿಯಲ್ಲಿ ಬರೆಸಿಕೊಂಡೇ ಮನೆಗೆ ಹೋದರು.

ಈಗ ಟಿವಿಯ ಹಿಂದೆ ಅಮ್ಮ ಕಟ್ಟಿದ ನಿಂಬೆಹಣ್ಣು ಮಾತ್ರ ಕಾಣುತ್ತದೆ, ಕಂಪ್ಯೂಟರ್ ಕಾಣುವುದಿಲ್ಲ. ಕಣ್ಣಿಗೇ ಬೀಳದ ಮೇಲೆ ದೃಷ್ಟಿ ತಾಗುವುದಾದರೂ ಹೇಗೆ?